ಫ್ರಾನ್ಜ್ ಲಿಸ್ಟ್: ಸ್ವರ್ಗವನ್ನು ಬರೆಯದೆ ನಿಂತ ಸಂಗೀತಗಾರ

ಪಿಯಾನೋ ಕಲಿತವರಿಗೆಲ್ಲ ಫ್ರಾನ್ಜ್ ಲಿಸ್ಟ್ ಹೆಸರು ಪರಿಚಿತ. ಆದರೆ ಇವರು ಬದುಕಿನ ಕೊನೆಯ ಎರಡು ದಶಕಗಳನ್ನು ಗುರುಗಳ ನಿಲುವಂಗಿಯಲ್ಲಿ ಕಳೆದರೆಂಬುದು ಹಲವರಿಗೆ ತಿಳಿದಿಲ್ಲ.

1811ರ ಅಕ್ಟೋಬರ್ 22ರಂದು ಅಂದಿನ ಹಂಗೇರಿಯ ರೈಡಿಂಗ್ ಗ್ರಾಮದಲ್ಲಿ (ಈಗ ಆಸ್ಟ್ರಿಯಾದಲ್ಲಿದೆ) ಜನಿಸಿದರು. ಹದಿಹರೆಯದಲ್ಲಿ ಗುರುಮಠ ಸೇರುವ ಹಂಬಲವಿತ್ತು, ತಾಯಿ ಒಪ್ಪಲಿಲ್ಲ. ಮುಂದೆ ಯುರೋಪಿನಾದ್ಯಂತ ಕೀರ್ತಿ. ವಿವಾಹಿತೆಯಾಗಿದ್ದ ಮಾರಿ ದಾಗು ಅವರೊಡನೆ ಬಾಳಿ ಮೂವರು ಮಕ್ಕಳ ತಂದೆಯೂ ಆದರು. ಇದನ್ನು ಮುಚ್ಚಿಟ್ಟು ಅವರ ಚರಿತ್ರೆ ಬರೆಯಲಾಗದು.

1848ರಲ್ಲಿ ಕಚೇರಿಗಳ ತಿರುಗಾಟ ಬಿಟ್ಟು ಜರ್ಮನಿಯ ವೈಮಾರ್‌ನಲ್ಲಿ ನೆಲೆಸಿದರು. ಕಾವ್ಯ ನಾಟಕಗಳ ಸಾರವನ್ನು ವಾದ್ಯವೃಂದದಿಂದಲೇ ನುಡಿಸುವ 'ಸಿಂಫೋನಿಕ್ ಪೊಯಂ' ಎಂಬ ಪ್ರಕಾರ ಬೆಳೆದದ್ದು ಇಲ್ಲಿ. ಹ್ಯೂಗೋ ಕವಿಯ ಮಜೆಪ್ಪ, ಶೇಕ್ಸ್‌ಪಿಯರನ ಹ್ಯಾಮ್ಲೆಟ್ ಹೀಗೆ ಸಂಗೀತವಾದವು.

ಇವೆಲ್ಲಕ್ಕಿಂತ ನಮಗೆ ಹತ್ತಿರವಾದದ್ದು ದಾಂತೆಯ 'ದಿವ್ಯ ಪ್ರಹಸನ'ವನ್ನು ಆಧರಿಸಿದ ಸಿಂಫನಿ. ಆರಂಭದಲ್ಲಿ ಹಿತ್ತಾಳೆ ವಾದ್ಯಗಳು ನರಕದ್ವಾರದ ಬರಹದ ಪದಗಳ ಲಯದಲ್ಲೇ ಮೊಳಗುತ್ತವೆ. ಬಳಿಕ ಶುದ್ಧೀಕರಣ ಸ್ಥಳ. ಮೂರನೆಯದಾಗಿ ಸ್ವರ್ಗವನ್ನೂ ಬರೆಯುವ ಯೋಜನೆಯಿತ್ತು. ಅದು ಮನುಷ್ಯನಿಂದಾಗದ ಕೆಲಸವೆಂದು ಸ್ನೇಹಿತ ವಾಗ್ನರ್ ತಡೆದರು. ಲಿಸ್ಟ್ ಒಪ್ಪಿ, ಸ್ವರ್ಗದ ಬದಲು ಮಾತೆ ಮರಿಯಮ್ಮನವರ ಸ್ತುತಿಗೀತೆಯ ಮೊದಲ ಸಾಲುಗಳನ್ನು ಸ್ತ್ರೀ ಕಂಠಗಳಿಗೆ ಇಟ್ಟರು. ನಾವು ದಿನವೂ ಸಂಜೆಯ ಪ್ರಾರ್ಥನೆಯಲ್ಲಿ ಹೇಳುವ ಗೀತೆಯೇ ಅದು! ಗಾಯಕರು ಸಭಿಕರ ಕಣ್ಣಿಗೆ ಬೀಳದಂತೆ ಹಾಡಬೇಕೆಂಬುದು ಅವರ ಆಶಯ. ನಮ್ಮ ಗಾನವೃಂದಗಳವರು ಈ ಭಾಗವನ್ನು ಒಮ್ಮೆ ಕೇಳಬೇಕು. 1857ರಲ್ಲಿ ಡ್ರೆಸ್ಡೆನ್‌ನಲ್ಲಿ ನಡೆದ ಮೊದಲ ಪ್ರದರ್ಶನ ಮಾತ್ರ ಅಭ್ಯಾಸ ಸಾಲದೆ ಸೋತಿತು.

ಮುಂದಿನ ವರ್ಷಗಳು ಕಠಿಣ. 1859ರಲ್ಲಿ ಮಗ ದಾನಿಯೆಲ್, 1862ರಲ್ಲಿ ಮಗಳು ಬ್ಲಾಂಡೀನ್ ತೀರಿಕೊಂಡರು. ಇವುಗಳ ನಡುವೆ, 1861ರಲ್ಲಿ, ಐವತ್ತನೆಯ ಹುಟ್ಟುಹಬ್ಬದಂದೇ ರೋಮಿನಲ್ಲಿ ರಾಜಕುಮಾರಿ ಕ್ಯಾರೊಲಿನ್ ಅವರೊಡನೆ ವಿವಾಹ ನಿಗದಿಯಾಗಿತ್ತು. ಆಕೆಯ ಹಿಂದಿನ ಮದುವೆಯ ಅಸಿಂಧುತ್ವದ ಪ್ರಶ್ನೆ ಮತ್ತೆ ಎದ್ದು, ಹಿಂದಿನ ರಾತ್ರಿ ಎಲ್ಲವೂ ನಿಂತಿತು. 1864ರಲ್ಲಿ ಆಕೆಯ ಪತಿ ನಿಧನರಾಗಿ ದಾರಿ ತೆರವಾದರೂ ಇಬ್ಬರೂ ಮದುವೆಯಾಗಲಿಲ್ಲ. ಲಿಸ್ಟ್ 1865ರಲ್ಲಿ ಕಿರಿಯ ದೀಕ್ಷೆಗಳನ್ನು ಪಡೆದರು. ದ್ವಾರಪಾಲಕ, ವಾಚಕ ಮೊದಲಾದ ಆ ನಾಲ್ಕು ದೀಕ್ಷೆಗಳ ಪದ್ಧತಿಯನ್ನು ಜಗದ್ಗುರು 6ನೇ ಪೌಲರು 1972ರಲ್ಲಿ ಬದಲಿಸಿದರು. ಲಿಸ್ಟ್ ಯಾಜಕರಾಗಲಿಲ್ಲ, ಪೂಜೆ ಅರ್ಪಿಸಲಿಲ್ಲ. ಕೆಲವರು ಇದನ್ನು ವೇಷವೆಂದು ನಕ್ಕರು. ಆದರೆ ಬಾಲ್ಯದ ಹಂಬಲ ನೆನೆದರೆ ಆ ನಗು ಅನ್ಯಾಯವೆನಿಸುತ್ತದೆ.

ಶಿಷ್ಯರಿಂದ ಶುಲ್ಕ ಪಡೆಯದೆ ಕೊನೆಯವರೆಗೂ ಕಲಿಸಿದ ಲಿಸ್ಟ್ 1886ರ ಜುಲೈ 31ರಂದು ಬೈರೂತ್‌ನಲ್ಲಿ ನ್ಯುಮೋನಿಯಾದಿಂದ ನಿಧನರಾದರು. ಸಮಾಧಿಯೂ ಅಲ್ಲೇ ಇದೆ.