ಸರ್ ಜಾನ್ ಬೆನೆಟ್ ಲಾಸ್ (1814–1900): ಹುಲ್ಲುಗಾವಲು ಮತ್ತು ಸಾರಜನಕ

ಇಂಗ್ಲೆಂಡಿನ ರೋಥಮ್‌ಸ್ಟೆಡ್ ಜಮೀನಿನ ಒಡೆಯರಾಗಿದ್ದ ಜಾನ್ ಬೆನೆಟ್ ಲಾಸ್ ಅವರು ಆಕ್ಸ್‌ಫರ್ಡ್‌ನಲ್ಲಿ ವ್ಯಾಸಂಗ ಮಾಡಿದರೂ ಪದವಿ ಪಡೆಯಲಿಲ್ಲ. ಸೂಪರ್ ಫಾಸ್ಫೇಟ್ ತಯಾರಿಕಾ ವಿಧಾನಕ್ಕೆ 1842ರಲ್ಲಿ ಪೇಟೆಂಟ್ ಪಡೆದು, ಗೊಬ್ಬರ ಮಾರಾಟದ ಆದಾಯವನ್ನು ಸಂಶೋಧನೆಗೆ ವಿನಿಯೋಗಿಸಿದರು. 1843ರಲ್ಲಿ ರಸಾಯನಶಾಸ್ತ್ರಜ್ಞ ಜೋಸೆಫ್ ಹೆನ್ರಿ ಗಿಲ್ಬರ್ಟ್ ಅವರೊಡನೆ ಕ್ಷೇತ್ರ ಪ್ರಯೋಗಗಳನ್ನು ಆರಂಭಿಸಿದರು.

ಬೆಳೆಗೆ ಬೇಕಾದ ಸಾರಜನಕವು ವಾತಾವರಣದಿಂದಲೇ ದೊರೆಯುವುದೆಂದು ಜರ್ಮನಿಯ ವಿಜ್ಞಾನಿ ಲೀಬಿಗ್ ಪ್ರತಿಪಾದಿಸಿದ್ದರು. ಗಿಲ್ಬರ್ಟ್ ಅವರು ಲೀಬಿಗ್ ಅವರ ಶಿಷ್ಯರೇ ಆಗಿದ್ದರೂ, ರೋಥಮ್‌ಸ್ಟೆಡ್‌ನ ಗೋಧಿ ತಾಕುಗಳ ಫಲಿತಾಂಶವು ಈ ವಾದವನ್ನು ಅಲ್ಲಗಳೆಯಿತು.

1856ರಲ್ಲಿ ಲಾಸ್ ಅವರು ಹಳೆಯ ಹುಲ್ಲುಗಾವಲೊಂದನ್ನು ತಾಕುಗಳಾಗಿ ವಿಂಗಡಿಸಿ ಬೇರೆ ಬೇರೆ ಗೊಬ್ಬರ ಹಾಕಿಸಿದರು. ಸಾರಜನಕದ ಜೊತೆಗೆ ಖನಿಜ ಗೊಬ್ಬರವನ್ನೂ ಪಡೆದ ತಾಕುಗಳಲ್ಲಿ ಒಣಹುಲ್ಲಿನ ಇಳುವರಿ ಗಣನೀಯವಾಗಿ ಏರಿತು. ಆದರೆ ಕ್ಲೋವರ್‌ನಂತಹ ದ್ವಿದಳ ಮೇವು ಕ್ಷೀಣಿಸಿ, ಸಸ್ಯಜಾತಿಗಳ ಸಂಖ್ಯೆ ಕುಗ್ಗಿತು. ಸತತವಾಗಿ ಅಮೋನಿಯಂ ಸಲ್ಫೇಟ್ ಹಾಕಿದ ಮಣ್ಣು ಆಮ್ಲೀಯವಾಯಿತು. ಅದನ್ನು ಸರಿಪಡಿಸಲು ಅವರ ಮರಣಾನಂತರ ಸುಣ್ಣ ಬಳಸಬೇಕಾಯಿತು.

1882ರಲ್ಲಿ ಅವರಿಗೆ ಬ್ಯಾರೊನೆಟ್ ಪದವಿ ದೊರೆಯಿತು. ಪ್ರಯೋಗಗಳು ಮುಂದುವರಿಯಲೆಂದು 1 ಲಕ್ಷ ಪೌಂಡ್ ದತ್ತಿಯಿಟ್ಟ ಅವರು 1900ರಲ್ಲಿ ನಿಧನರಾದರು. ಆ ಹುಲ್ಲುಗಾವಲಿನ ಪ್ರಯೋಗ ಇಂದಿಗೂ ನಡೆಯುತ್ತಿದೆ.

ಅರ್ಜಿದಾರರ ಗಮನಕ್ಕೆ: ಈ ತತ್ವವು ಉಷ್ಣವಲಯದ ಗೋಮಾಳಗಳಿಗೂ ಅನ್ವಯಿಸುತ್ತದೆ. ತೇವಾಂಶವಿದ್ದಾಗ ನೀಡಿದ ಸಾರಜನಕದಿಂದ ಗಿನಿ, ನೇಪಿಯರ್ ಹುಲ್ಲು ಹುಲುಸಾಗಿ ಬೆಳೆದರೂ, ಅತಿಯಾದಲ್ಲಿ ದ್ವಿದಳ ಮೇವು ನಶಿಸಬಹುದು. ಆದ್ದರಿಂದ ಮೇವಿನ ಬೆಳೆಗೆ ಸೌಲಭ್ಯ ಕೋರುವ ರೈತ ಬಾಂಧವರು ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಶಿಫಾರಸಿನ ಪ್ರಮಾಣದಲ್ಲಿ ಮಾತ್ರ ಯೂರಿಯಾ ಬಳಸತಕ್ಕದ್ದು.