ಮಸಾಹಿಕೊ ಕಿಮುರಾ

ಮಸಾಹಿಕೊ ಕಿಮುರಾ (ಸೆಪ್ಟೆಂಬರ್ ೧೦, ೧೯೧೭ – ಏಪ್ರಿಲ್ ೧೮, ೧೯೯೩) ಜಪಾನಿನ ಪ್ರಸಿದ್ಧ ಜೂಡೋ ಪಟು. ಎದುರಾಳಿಯ ತೋಳನ್ನು ತಿರುಚಿ ಭುಜದ ಕೀಲಿನ ಮೇಲೆ ಒತ್ತಡ ಹೇರುವ 'ಕಿಮುರಾ' ಪಟ್ಟು ಇವರ ಹೆಸರಿನಿಂದಲೇ ಪ್ರಚಲಿತವಾಗಿದೆ.

ಜೂಡೋ ಸಾಧನೆ

ಕುಮಾಮೊಟೊದಲ್ಲಿ ಜನಿಸಿದ ಕಿಮುರಾ ಬಾಲ್ಯದಲ್ಲಿಯೇ ಜೂಡೋ ಅಭ್ಯಾಸ ಆರಂಭಿಸಿ, ೧೮ನೆಯ ವಯಸ್ಸಿನಲ್ಲಿ ಐದನೆಯ ದಾನ್ ಶ್ರೇಣಿ ಪಡೆದರು. ತತ್ಸುಕುಮಾ ಉಶಿಜಿಮಾ ಇವರ ಗುರುಗಳು. ೧೯೩೭ರಿಂದ ೧೯೩೯ರವರೆಗೆ ಸತತ ಮೂರು ಬಾರಿ ಅಖಿಲ ಜಪಾನ್ ಪ್ರಶಸ್ತಿಯನ್ನೂ, ೧೯೪೦ರಲ್ಲಿ ಚಕ್ರವರ್ತಿಯ ಸಮ್ಮುಖದ ಪಂದ್ಯಾವಳಿಯನ್ನೂ ಗೆದ್ದರು. ೧೯೪೯ರಲ್ಲಿ ತಕಾಹಿಕೊ ಇಶಿಕಾವಾ ಅವರೊಂದಿಗೆ ಪ್ರಶಸ್ತಿಯನ್ನು ಹಂಚಿಕೊಂಡರು. ಯುದ್ಧಾನಂತರದ ಬಡತನ ಹಾಗೂ ಪತ್ನಿಯ ಕ್ಷಯರೋಗದ ಚಿಕಿತ್ಸಾವೆಚ್ಚ ಇವರನ್ನು ಹಣಕ್ಕಾಗಿ ಸೆಣಸುವ ವೃತ್ತಿಪರ ಅಖಾಡಕ್ಕೆ ಇಳಿಸಿದವು.

ಎಲಿಯೊ ಗ್ರೇಸಿಯೊಡನೆ ಪಂದ್ಯ

೧೯೫೧ರ ಅಕ್ಟೋಬರ್ ೨೩ರಂದು ರಿಯೊ ಡಿ ಜನೈರೊದ ಮರಕಾನಾ ಕ್ರೀಡಾಂಗಣದಲ್ಲಿ ಬ್ರೆಜಿಲಿನ ಜಿಯು-ಜಿಟ್ಸು ಪಟು ಎಲಿಯೊ ಗ್ರೇಸಿ ಇವರನ್ನು ಎದುರಿಸಿದರು. ಗ್ರೇಸಿ ದೇಹತೂಕದಲ್ಲಿ ಬಹಳ ಕಡಿಮೆಯಿದ್ದರು. ಎರಡನೆಯ ಸುತ್ತಿನಲ್ಲಿ ಕಿಮುರಾ ಜೂಡೋದ 'ಉದೆ-ಗರಾಮಿ' ಪಟ್ಟನ್ನು ಬಿಗಿಯಾಗಿ ಹಾಕಿದರು. ತೋಳು ಮುರಿದರೂ ಗ್ರೇಸಿ ಸೋಲೊಪ್ಪಲಿಲ್ಲ. ಅವರ ಅಣ್ಣ ಕಾರ್ಲೊಸ್ ಟವೆಲ್ ಎಸೆದು ಪಂದ್ಯವನ್ನು ನಿಲ್ಲಿಸಿದರು. ಬಳಿಕ ಬ್ರೆಜಿಲಿನ ಜಿಯು-ಜಿಟ್ಸು ಪಟುಗಳು, ತಮ್ಮವರನ್ನು ಸೋಲಿಸಿದ ಆ ಪಟ್ಟಿಗೆ ಗೆದ್ದವರ ಹೆಸರನ್ನೇ ಇಟ್ಟು ಗೌರವಿಸಿದರು.

ಕೊನೆಯ ವರ್ಷಗಳು

೧೯೫೪ರ ಡಿಸೆಂಬರಿನಲ್ಲಿ ಟೋಕಿಯೊದಲ್ಲಿ ನಡೆದ ವೃತ್ತಿಪರ ಕುಸ್ತಿಯಲ್ಲಿ ರಿಕಿಡೋಜಾನ್ ಎದುರು ಕಿಮುರಾ ಸೋತರು. ಪಂದ್ಯವನ್ನು ಸಮಬಲದಲ್ಲಿ ಮುಗಿಸುವ ಪೂರ್ವ ಒಪ್ಪಂದವನ್ನು ಎದುರಾಳಿ ಮುರಿದರೆಂಬುದು ಅವರ ಆರೋಪವಾಗಿತ್ತು. ಆ ಸೋಲು ಸ್ವದೇಶದಲ್ಲಿ ಅವರ ಕೀರ್ತಿಯನ್ನು ಮಸುಕುಗೊಳಿಸಿತು. ಮುಂದೆ ತಾವು ಓದಿದ ತಕುಶೋಕು ವಿಶ್ವವಿದ್ಯಾಲಯದಲ್ಲಿಯೇ ಜೂಡೋ ಬೋಧಿಸಿದರು. ಅವರ ಶಿಷ್ಯ ಕನೆಯೊ ಇವಾತ್ಸುರಿ ೧೯೭೧ರಲ್ಲಿ ಅಖಿಲ ಜಪಾನ್ ಪ್ರಶಸ್ತಿ ಗೆದ್ದರು.