ಶೂನ್ಯಮೂರ್ತಿ ಶ್ರೀ ಅಲ್ಲಮಪ್ರಭುದೇವರು

ಕ್ರಿ. ಶ. 12ನೆಯ ಶತಮಾನದಲ್ಲಿ ಕನ್ನಡ ನಾಡಿನೊಳಗೆ ಅವತರಿಸಿ ಶಿವಾನುಭವದ ಪರಮಾವಧಿಯನ್ನು ಕಂಡ ಮಹಾಶರಣರಲ್ಲಿ ಶ್ರೀ ಅಲ್ಲಮಪ್ರಭುದೇವರ ಸ್ಥಾನವು ಅನನ್ಯವಾದುದು. ಬಸವಣ್ಣನವರನ್ನು ಭಕ್ತಿಗೂ ಚನ್ನಬಸವಣ್ಣನವರನ್ನು ಜ್ಞಾನಕ್ಕೂ ಸಿದ್ಧರಾಮೇಶ್ವರರನ್ನು ಯೋಗಕ್ಕೂ ಉದಾಹರಿಸುವ ವೀರಶೈವ ಪರಂಪರೆಯು ಪ್ರಭುದೇವರನ್ನು ವೈರಾಗ್ಯಮೂರ್ತಿಯೆಂದೂ ಶೂನ್ಯಮೂರ್ತಿಯೆಂದೂ ಕೊಂಡಾಡುತ್ತ ಬಂದಿದೆ. ಆದರೆ ಈ ಬಿರುದುಗಳನ್ನು ಕೇಳಿದೊಡನೆ ಅನೇಕ ಭಕ್ತರ ಮನದಲ್ಲಿ ಮೂಡುವ ಚಿತ್ರವು ಸುಖದುಃಖಗಳ ಸೋಂಕೇ ಇಲ್ಲದೆ ಹುಟ್ಟಿ, ಕಲ್ಲಿನಂತೆ ನಿರ್ವಿಕಾರನಾಗಿ ಬಾಳಿದ ಒಬ್ಬ ಪುರುಷನದು. ಮನೆಯಲ್ಲಿ ಸಾವು ಸಂಭವಿಸಿ ಕಣ್ಣೀರಿಡುವ ಭಕ್ತನು ಆ ಚಿತ್ರವನ್ನು ನೆನೆದು, ತನ್ನ ದುಃಖವನ್ನೇ ಭಕ್ತಿಯ ಕೊರತೆಯೆಂದು ಬಗೆದು ಮತ್ತಷ್ಟು ಕುಗ್ಗುವನು. ಪ್ರಭುದೇವರ ಚರಿತ್ರೆಯನ್ನು ಮೊದಲಿನಿಂದ ನೋಡಿದವರಿಗೆ ಸಂಗತಿಯು ಬೇರೆಯಾಗಿ ತೋರುವುದು.

ಪ್ರಭುದೇವರ ಜನ್ಮಸ್ಥಳವು ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿಗೆ ಸೇರಿದ ಬಳ್ಳಿಗಾವೆ. ಇಂದು ಸಣ್ಣ ಊರಾದ ಅದು ಅಂದು ಬನವಾಸಿ ಪನ್ನಿರ್ಚ್ಛಾಸಿರಕ್ಕೆ ರಾಜಧಾನಿ. ಅಲ್ಲಿಯ ಕೋಡಿಯ ಮಠವು ಕಾಳಾಮುಖ ಶೈವರ ದೊಡ್ಡ ವಿದ್ಯಾಸ್ಥಾನವಾಗಿತ್ತು. ವೇದ, ವ್ಯಾಕರಣ, ದರ್ಶನಗಳ ಪಾಠವೂ ದೀನರಿಗೆ ಅನ್ನವೂ ರೋಗಿಗಳಿಗೆ ಔಷಧೋಪಚಾರವೂ ಅಲ್ಲಿ ನಡೆಯುತ್ತಿದ್ದುವೆಂದು 1162ರ ಶಾಸನವು ಸಾರುವುದು. ಅದೇ ಊರಿನಲ್ಲಿ ಜೈನ ಬಸದಿಗಳೂ, 11ನೆಯ ಶತಮಾನದಲ್ಲಿ ಕಟ್ಟಿಸಿದ ಒಂದು ಬೌದ್ಧ ವಿಹಾರವೂ ಇದ್ದುವು. ಶೂನ್ಯವೆಂಬ ಮಾತು ಅಂಥ ಊರಿಗೆ ಹೊಸದಾಗಿರಲಾರದು. ಆದರೆ ಅಲ್ಲಮರು ಶೂನ್ಯವನ್ನು ಗ್ರಂಥದಿಂದ ಕಲಿತವರಲ್ಲ. ಸಂಕಟದ ಬಾಗಿಲಿನಿಂದ ಅದನ್ನು ಹೊಕ್ಕವರು.

ಅವರ ಪೂರ್ವಾಶ್ರಮದ ಕಥೆಯನ್ನು ಮೊದಲು ಹೇಳಿದವನು ಹಂಪೆಯ ಹರಿಹರ ಮಹಾಕವಿ. ಪ್ರಭುದೇವರ ರಗಳೆಯಲ್ಲಿ ಆತನು ತೋರಿಸುವ ಅಲ್ಲಮನು ಬಳ್ಳಿಗಾವೆಯ ನಾಗವಾಸಾಧಿಪತಿಯ ಮಗ; ಮದ್ದಳೆ ಬಾರಿಸುವುದರಲ್ಲಿ ನಿಪುಣ; ರೂಪವಂತ. ದೇವಾಲಯದಲ್ಲಿ ಕಮಲತೆಯೆಂಬ ತರುಣಿಯನ್ನು ಕಂಡು ಮೋಹಿಸಿದನು. ಅವಳೂ ಅವನಿಗೆ ಒಲಿದಳು. ಇಬ್ಬರೂ ಲೋಕದ ಪರಿವೆಯೇ ಇಲ್ಲದೆ ಸುಖದಲ್ಲಿ ಮುಳುಗಿದರು. ಆ ಸುಖವು ನಿಲ್ಲಲಿಲ್ಲ. ಕಮಲತೆಗೆ ಜ್ವರ ಬಂದಿತು, ಅವಳು ತೀರಿಹೋದಳು. ಅಲ್ಲಮನು ಹುಚ್ಚನಾದನು. ಊಟ ನಿದ್ರೆಗಳ ಎಚ್ಚರವಿಲ್ಲದೆ, ಸತ್ತವಳ ಹೆಸರನ್ನು ಹಿಡಿದು ಕೂಗುತ್ತ ಊರಲ್ಲಿಯೂ ಊರ ಹೊರಗೂ ಅಲೆದನು.

ಹೀಗೆ ಅಲೆಯುತ್ತ ಒಂದು ದಿನ ತೋಪೊಂದರಲ್ಲಿ ಕುಳಿತು, ದುಃಖದಲ್ಲಿ ಮೈಮರೆತವರು ಮಾಡುವಂತೆಯೇ, ಕಾಲಿನ ಉಗುರಿನಿಂದ ನೆಲವನ್ನು ಗೀರುತ್ತಿದ್ದನು. ಅಲ್ಲಿ ಮಣ್ಣಿನೊಳಗಿಂದ ಹೊನ್ನ ಕಳಸದ ತುದಿಯು ಕಾಣಿಸಿತು. ಅಗೆದಾಗ ನೆಲದಲ್ಲಿ ಹೂತುಹೋಗಿದ್ದ ದೇಗುಲವೊಂದು ಹೊರಬಿದ್ದಿತು. ಮುಚ್ಚಿದ್ದ ಬಾಗಿಲನ್ನು ಒದ್ದು ಒಳಹೊಕ್ಕಾಗ ಅನಿಮಿಷಯ್ಯನೆಂಬ ಯೋಗಿಯು ಅಂಗೈಯೊಳಗಿನ ಲಿಂಗದಲ್ಲಿ ದೃಷ್ಟಿ ನೆಟ್ಟು ಕುಳಿತಿದ್ದನು. ಆತನ ಕೈಯ ಲಿಂಗವು ಅಲ್ಲಮನ ಕೈಗೆ ಬಂದಿತು. ಬಂದ ಕ್ಷಣದಲ್ಲಿಯೇ ಯೋಗಿಯ ಪ್ರಾಣವು ಬಯಲಾಯಿತು. ಒಂದು ಸಾವು ಅಲ್ಲಮನನ್ನು ಕೆಡವಿತ್ತು. ಎರಡನೆಯ ಸಾವಿನ ಎದುರಿನಲ್ಲಿ ಆತನು ಎದ್ದು ನಿಂತನು. ಗುರುವು ಉಪದೇಶದ ಒಂದು ಮಾತನ್ನೂ ಆಡಲಿಲ್ಲವೆಂಬುದನ್ನು ಭಕ್ತರು ಗಮನಿಸತಕ್ಕದ್ದು.

ಹರಿಹರನ ಈ ಕಥನವು ಎಲ್ಲರಿಗೂ ಒಪ್ಪಿಗೆಯಾಗಲಿಲ್ಲ. ಮಾಯೆಯನ್ನು ಗೆದ್ದ ಪ್ರಭುವಿಗೆ ನಲ್ಲೆಯೂ ಶೋಕವೂ ಇದ್ದುವೆಂದು ಕೇಳಲು ಕೆಲವರ ಮನಸ್ಸು ಹಿಂಜರಿಯುವುದು. ಪ್ರೌಢದೇವರಾಯನ (1424–1446) ಕಾಲದ ಚಾಮರಸ ಕವಿಯು ಭಾಮಿನೀ ಷಟ್ಪದಿಯಲ್ಲಿ ರಚಿಸಿದ ಪ್ರಭುಲಿಂಗಲೀಲೆಯಲ್ಲಿ ಚರಿತ್ರೆಯು ಬೇರೆಯಾಗಿದೆ. ಅಲ್ಲಿ ತಂದೆ ನಿರಹಂಕಾರ, ತಾಯಿ ಸುಜ್ಞಾನಿ. ಬನವಾಸಿಯ ಮಮಕಾರ ರಾಜನ ಮಗಳಾದ ಮಾಯಾದೇವಿಯು ಮದ್ದಳೆಯ ಅಲ್ಲಮನನ್ನು ಹಿಡಿಯಹೋಗಿ, ಹಿಡಿಯಲಾರದೆ ಸೋಲುವಳು. ಹೆಸರುಗಳೇ ತತ್ತ್ವವನ್ನು ನುಡಿಯುವ ಆ ಕಾವ್ಯವು ಪ್ರಭುವಿನ ನಿತ್ಯಸ್ವರೂಪವನ್ನು ತೋರಿಸುವುದರಲ್ಲಿ ಅದ್ವಿತೀಯವಾದುದು. ಮಠಮಠಗಳಲ್ಲಿ ಅದರ ಪುರಾಣಪ್ರವಚನವು ನಡೆದು ಬಂದಿರುವುದು ಯೋಗ್ಯವಾಗಿಯೇ ಇದೆ. ಆದರೂ ದುಃಖಿತನಾದ ಭಕ್ತನು ಆಶ್ರಯವನ್ನು ಅರಸಿ ಬಂದಾಗ ಅವನ ಕೈಗೆ ಮೊದಲು ಕೊಡಬೇಕಾದುದು ಹರಿಹರನ ರಗಳೆಯೇ ಸರಿ. ಏಕೆಂದರೆ ಮುಂದೆ ಪ್ರಭುದೇವರು ಅಳುವವರ ಎದುರಿನಲ್ಲಿ ನಡೆದುಕೊಂಡ ರೀತಿಯು, ತಾವೂ ಒಮ್ಮೆ ಹಾಗೆಯೇ ಅತ್ತವರ ರೀತಿಯಾಗಿದೆ.

ಶೂನ್ಯವೆಂದರೆ ಏನೂ ಇಲ್ಲದಿರುವಿಕೆಯೆಂಬ ತಪ್ಪು ತಿಳಿವಳಿಕೆಯು ಹಲವರಲ್ಲಿದೆ. ಶರಣರು ಅದನ್ನು ಬಯಲು, ನಿರ್ಬಯಲು ಎಂದು ಕರೆದರು. ಬಯಲಿನಲ್ಲಿ ಏನೂ ಇಲ್ಲವೆಂದಲ್ಲ, ಗೋಡೆಯಿಲ್ಲ, ಅಷ್ಟೆ. ಗೋಡೆಯೆಂದರೆ ನಾನು, ನನ್ನದು ಎಂಬ ಭಾವ. ಭಕ್ತಸ್ಥಲದಿಂದ ಐಕ್ಯಸ್ಥಲದವರೆಗಿನ ಷಟ್‌ಸ್ಥಲ ಮಾರ್ಗವೆಲ್ಲವೂ ಆ ಗೋಡೆಯನ್ನು ಮೆಲ್ಲಮೆಲ್ಲನೆ ಕರಗಿಸುವ ಸಾಧನೆಯೇ. ದುಃಖದಲ್ಲಿ ಎರಡು ಅಂಶಗಳುಂಟು: ಒಂದು ಪ್ರೀತಿ, ಇನ್ನೊಂದು, ನನ್ನದು ಹೋಯಿತೆಂಬ ಹಿಡಿತ. ಪ್ರಭುದೇವರು ಸುಡಬಯಸಿದುದು ಎರಡನೆಯದನ್ನು ಮಾತ್ರ. ಇದು ಅವರ ವಚನಗಳಿಗಿಂತಲೂ ಅವರ ನಡೆಯಿಂದ ಸ್ಪಷ್ಟವಾಗುವುದು. ವಚನಗಳಾದರೋ ಸಾವಿರದ ಮುನ್ನೂರಕ್ಕೆ ಮಿಕ್ಕು ದೊರೆತಿದ್ದರೂ ಅನೇಕವು ಬೆಡಗಿನವು, ಬಲ್ಲವರ ಸಹಾಯವಿಲ್ಲದೆ ಬಾಗಿಲು ತೆರೆಯದಂಥವು.

ಗುಹೇಶ್ವರಲಿಂಗವನ್ನು ಕರಸ್ಥಲದಲ್ಲಿ ಹಿಡಿದು ದೇಶಸಂಚಾರಕ್ಕೆ ಹೊರಟ ಪ್ರಭುದೇವರು ಕಂಡವರಲ್ಲಿ ಮುಕ್ತಾಯಕ್ಕನವರು ಮುಖ್ಯರು. ಶೂನ್ಯಸಂಪಾದನೆಯ ಕರ್ತೃಗಳು ಆ ಪ್ರಸಂಗವನ್ನು ಗ್ರಂಥದ ಆದಿಭಾಗದಲ್ಲಿಯೇ ಇರಿಸಿರುವರು. ಮುಕ್ತಾಯಕ್ಕನವರ ಅಣ್ಣ ಅಜಗಣ್ಣನು ತನ್ನ ಭಕ್ತಿಯನ್ನು ಲೋಕಕ್ಕೆ ತೋರಗೊಡದೆ ಗುಪ್ತವಾಗಿ ಶಿವಯೋಗವನ್ನು ಸಾಧಿಸಿದವನು. ತಂಗಿಗೆ ಅವನು ಒಡಹುಟ್ಟಿದವನು ಮಾತ್ರವಲ್ಲ, ಗುರುವೂ ಆಗಿದ್ದನು. ಅವನು ಹಠಾತ್ತಾಗಿ ಬಯಲಾದಾಗ ಆಕೆಗೆ ಒಡಹುಟ್ಟಿದವನೂ ಹೋದನು, ದಾರಿ ತೋರುವವನೂ ಹೋದನು. ಪ್ರಭುದೇವರು ಬಂದಾಗ ಆಕೆಯು ಆ ಶೋಕದಲ್ಲಿ ಕುಳಿತಿದ್ದಳು.

ಅವರು ಆಕೆಯನ್ನು ನೀನು ಯಾರು, ಏಕೆ ಅಳುತ್ತಿರುವೆ ಎಂದು ವಿಚಾರಿಸಿದರು. ಅಣ್ಣನು ಎಂಥವನೆಂಬುದನ್ನು ಆಕೆಯಿಂದಲೇ ಹೇಳಿಸಿದರು, ಅವಸರಪಡಲಿಲ್ಲ. ಅನಂತರವೇ ಪ್ರಶ್ನೆಯನ್ನಿಟ್ಟರು. ಐಕ್ಯನಾದವನಿಗೆ ಸಾವೆಲ್ಲಿಯದು? ಸಾವಿಲ್ಲದವನಿಗಾಗಿ ಶೋಕವು ಹೇಗೆ ಸಲ್ಲುವುದು? ಆಕೆಯು ಸುಮ್ಮನೆ ತಲೆದೂಗುವವಳಲ್ಲ. ತನಗೆ ಅರಿವಿನ ನೆಲೆಯನ್ನು ತೋರಿಸಬೇಕಾದ ಗುರುವೇ ಇಲ್ಲವಾದ ಮೇಲೆ ಅರಿಯುವ ಬಗೆ ಯಾವುದೆಂದು ಕೇಳಿದಳು. ತನ್ನನ್ನು ತಾನು ಅರಿಯಲು ಆ ಅರಿವೇ ಗುರುವೆಂದು ಪ್ರಭುದೇವರು ಸೂಚಿಸಿದರು. ಆಗ ಆಕೆಯು ಅವರನ್ನೇ ಪರೀಕ್ಷೆಗೊಡ್ಡಿದಳು: ನಿಜವನ್ನು ಅರಿತವನು ಮಾತಿಗೆ ಮೀರಿದವನಾಗಿರಬೇಕು, ಇಷ್ಟೊಂದು ಮಾತನಾಡುವ ನಿಮಗೆ ಆ ನೆಲೆಯು ಸಾಧಿಸಿತೆಂದು ನಂಬುವುದೆಂತು? ಈ ಆಕ್ಷೇಪಣೆಗೆ ಪ್ರಭುದೇವರು ಮುನಿಯಲಿಲ್ಲ. ಲೋಕದ ಹಿತಕ್ಕಾಗಿ ಆಡುವ ಶರಣನ ಮಾತು ಮೌನಕ್ಕೆ ಭಂಗವಲ್ಲವೆಂಬುದನ್ನು ಹಲವು ಬಗೆಯಾಗಿ ತಿಳಿಯಪಡಿಸಿದರು. ಸಂವಾದವು ದೀರ್ಘವಾಗಿ ನಡೆದು, ಕೊನೆಗೆ ಆಕೆಯ ಸಂಶಯವೂ ಅದರೊಡನೆ ಶೋಕವೂ ನೀಗಿದುವು. ಅಜಗಣ್ಣನ ಮೇಲಿನ ಗೌರವವು ಮಾತ್ರ ನೀಗಲಿಲ್ಲ. ಮುಕ್ತಾಯಕ್ಕನವರ ವಚನಗಳ ಅಂಕಿತವೇ ಅಜಗಣ್ಣ ತಂದೆಯೆಂದಿರುವುದು. ಅಣ್ಣನನ್ನು ಮರೆಸದೆಯೇ ಪ್ರಭುದೇವರು ಆ ತಂಗಿಯ ಕಣ್ಣೀರನ್ನು ನಿಲ್ಲಿಸಿದರು.

ಸೊನ್ನಲಿಗೆಯಲ್ಲಿ ಅವರು ಕಂಡ ರೋಗವು ಬೇರೆ ಬಗೆಯದು. ಸೊನ್ನಲಿಗೆಯೆಂದರೆ ಇಂದಿನ ಸೊಲ್ಲಾಪುರ. ಅಲ್ಲಿ ಸಿದ್ಧರಾಮೇಶ್ವರರು ಕೆರೆಯನ್ನು ತೋಡಿಸಿ, 68 ಲಿಂಗಗಳನ್ನು ಸ್ಥಾಪಿಸಿ, ಸಾವಿರಾರು ಜನರೊಡನೆ ಪುಣ್ಯಕಾರ್ಯದಲ್ಲಿ ತೊಡಗಿದ್ದರು. ಪ್ರಭುದೇವರು ಬಂದವರೇ ಅವರನ್ನು ಮಣ್ಣು ಹೊರುವ ಒಡ್ಡನೆಂದು ಕರೆದು ಕೆಣಕಿದರು. ಕೆಲಸಗಾರರು ಸಿಟ್ಟಾಗಿ ಕಲ್ಲೆಸೆದರು. ಸಿದ್ಧರಾಮರೂ ಕನಲಿ ಹಣೆಗಣ್ಣನ್ನು ತೆರೆದರು. ಆ ಉರಿಯು ಪ್ರಭುವಿಗೆ ತಾಗಲಿಲ್ಲವೆಂದು ಪುರಾಣವು ಹೇಳುವುದು. ಪ್ರಭುವು ಜರೆದುದು ಕೆರೆಯನ್ನಲ್ಲ, ಕೆರೆಯನ್ನು ಕಟ್ಟಿದೆನೆಂಬವನನ್ನು. ಪಾಪದಲ್ಲಿ ಅಡಗಿದ ನಾನು ಬೇಗ ಸಿಕ್ಕಿಬೀಳುವನು. ಪುಣ್ಯದಲ್ಲಿ ಅಡಗಿದವನನ್ನು ಹುಡುಕಲು ಇಂಥ ಬಿರುನುಡಿಯೇ ಬೇಕಾಯಿತೆಂದು ತೋರುತ್ತದೆ.

ಗೋರಕ್ಷನ ಪ್ರಸಂಗವನ್ನು ಎಳೆಯ ಮಕ್ಕಳೂ ಬಲ್ಲರು. ವಜ್ರಕಾಯವನ್ನು ಸಾಧಿಸಿದ ಆ ಸಿದ್ಧನು ತನ್ನ ಮೇಲೆ ಖಡ್ಗವನ್ನು ಬೀಸಿ ನೋಡೆಂದನು. ಬೀಸಿದಾಗ ಮೈಯು ಖಣಿಲೆಂದಿತು, ಕೂದಲೂ ಕೊಂಕಲಿಲ್ಲ. ಅದೇ ಖಡ್ಗವನ್ನು ಅವನು ಪ್ರಭುವಿನ ಮೇಲೆ ಬೀಸಲು ಅದು ಗಾಳಿಯಲ್ಲಿ ಹಾಯ್ದಂತೆ ಹಾಯ್ದುಹೋಯಿತು. ನೋವು ತಟ್ಟದಿರಲು ಎರಡು ದಾರಿಗಳುಂಟೆಂದು ಗೋರಕ್ಷನಿಗೆ ಆಗ ಅರಿವಾಯಿತು. ಮನಸ್ಸನ್ನು ಕಲ್ಲು ಮಾಡಿಕೊಳ್ಳುವುದು ಗೋರಕ್ಷನ ದಾರಿ. ಅದರಲ್ಲಿ ಏಟು ಬಿದ್ದಾಗಲೆಲ್ಲ ಸದ್ದಾಗುವುದು.

ಕಲ್ಯಾಣದಲ್ಲಿ, ಎಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಬಸವಣ್ಣನವರು ಬಿಜ್ಜಳನ ಆಳಿಕೆಯ ಕಾಲದಲ್ಲಿ ಶರಣರನ್ನು ನೆರೆಯಿಸಿದ್ದರು. ಸಿದ್ಧರಾಮರೊಡನೆ ಪ್ರಭುದೇವರು ಮನೆಯ ಬಾಗಿಲಿಗೆ ಬಂದು ನಿಂತಾಗ ಬಸವಣ್ಣನವರು ಲಿಂಗಪೂಜೆಯಲ್ಲಿದ್ದು ಕೂಡಲೆ ಹೊರಬರಲಿಲ್ಲ. ಜಂಗಮವನ್ನು ಬಾಗಿಲಲ್ಲಿ ನಿಲ್ಲಿಸುವ ಪೂಜೆಯು ಎಂಥ ಪೂಜೆಯೆಂದು ಪ್ರಭುದೇವರು ಆಕ್ಷೇಪಿಸಲು, ಬಸವಣ್ಣನವರು ತಪ್ಪನ್ನು ಒಪ್ಪಿಕೊಂಡು ಪಾದಕ್ಕೆರಗಿದರು. ಶೂನ್ಯಸಿಂಹಾಸನವು ಪ್ರಭುವಿಗೆ ಸಂದಿತು. ಮಹಾದೇವಿಯಕ್ಕನವರು ಎಲ್ಲವನ್ನೂ ತೊರೆದು ಬಂದಾಗ ಅನುಭವಮಂಟಪದಲ್ಲಿ ಪ್ರಭುದೇವರು ಆಕೆಗೆ ಕೇಳಿದ ಕಠಿಣ ಪ್ರಶ್ನೆಗಳು ಪ್ರಸಿದ್ಧವಾಗಿವೆ. ಆಕೆಯ ಉತ್ತರಗಳು ಅವಕ್ಕಿಂತಲೂ ಪ್ರಸಿದ್ಧವಾಗಿವೆ.

ಮತ್ತೊಮ್ಮೆ ಕಲ್ಯಾಣಕ್ಕೆ ಮರಳಿದಾಗ ನಡೆದ ಪ್ರಭುವಿನ ಆರೋಗಣೆಯು ಇವೆಲ್ಲಕ್ಕೂ ಕಳಸಪ್ರಾಯವಾದುದು. ಜಂಗಮರಿಗೆಂದು ಮಾಡಿದ ಅಡಿಗೆಯೆಲ್ಲವನ್ನೂ ಪ್ರಭುವೊಬ್ಬನೇ ಉಂಡುಬಿಟ್ಟನು, ಉಗ್ರಾಣವು ಬರಿದಾಯಿತು, ಹಸಿವು ಮಾತ್ರ ಇಂಗಲಿಲ್ಲ. ಬಸವಣ್ಣನವರಿಗೆ ದಿಕ್ಕು ತೋಚಲಿಲ್ಲ. ಕೊನೆಗೆ ಅವರು ತಮ್ಮನ್ನೇ ಪದಾರ್ಥವಾಗಿ ಅರ್ಪಿಸಿಕೊಂಡಾಗ ಪ್ರಭುವಿಗೆ ತೃಪ್ತಿಯಾಯಿತು. ಪ್ರಭುವಿನ ತೃಪ್ತಿಯೊಡನೆ ಉಣದೆ ಕುಳಿತಿದ್ದ ಜಂಗಮರೆಲ್ಲರೂ ತೃಪ್ತರಾದರು. ನಿತ್ಯವೂ ದಾಸೋಹ ನಡೆಯಿಸುವ ಮಠಗಳ ಸದ್ಭಕ್ತರಿಗೆ ಈ ಪ್ರಸಂಗದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಲ್ಯಾಣದ ಶಾಂತಿಯು ಬಹುಕಾಲ ಉಳಿಯಲಿಲ್ಲ. ಹರಳಯ್ಯ ಮಧುವಯ್ಯಗಳಿಗೆ ಘೋರ ಶಿಕ್ಷೆಯಾಯಿತು; ಬಿಜ್ಜಳನು ಹತನಾದನು; ಶರಣರು ದಿಕ್ಕುದಿಕ್ಕಿಗೆ ಚದುರಿದರು. ಪ್ರಭುದೇವರು ಶ್ರೀಶೈಲದ ಕದಳಿಯನ್ನು ಹೊಕ್ಕು ಅಲ್ಲಿ ಬಯಲಾದರು. ಕಮಲತೆಯನ್ನು ಕೂಗುತ್ತ ಬಳ್ಳಿಗಾವೆಯ ತೋಪಿನಲ್ಲಿ ಅಲೆದವರು ಯಾರನ್ನೂ ಕೂಗದೆ ಕದಳಿಯ ವನವನ್ನು ಸೇರಿದರು.

ಅವರ ತರುವಾಯ ಶೂನ್ಯಸಿಂಹಾಸನವನ್ನು ಏರಿದವರು ಚನ್ನಬಸವಣ್ಣನವರು. ಚನ್ನಬಸವಣ್ಣನವರ ತರುವಾಯ, ಒಡ್ಡನೆಂಬ ಮಾತಿಗೆ ಒಮ್ಮೆ ಕನಲಿ ಕಣ್ಣು ತೆರೆದಿದ್ದ ಸಿದ್ಧರಾಮೇಶ್ವರರು. ಅವರು ಕಟ್ಟಿಸಿದ ಕೆರೆಯು ಸೊಲ್ಲಾಪುರದಲ್ಲಿ ಇಂದಿಗೂ ಇದೆ. ಅವರ ಗುಡಿಯೂ ಸಮಾಧಿಯೂ ಆ ನೀರಿನ ನಡುವೆಯೇ ಇವೆ.